ಗಿಳಿ ಹೇಳಿದ ಎಂಟು ದಿನ

ಮುದ್ದನ ಪೆದ್ದುತನ ಕೇಳಿದ್ದೀರಾ? ಇಲ್ಲ ಅಂದ್ರೆ ಹತ್ತಿರ ಬಂದು ಕೂತ್ಕೊಳ್ಳಿ.

ಮುದ್ದನ ಅವ್ವ ಚಿಕ್ಕತಾಯಮ್ಮ ಅಂಚೆ ಕಚೇರಿ ಮುಂದೆ ಗಿಳಿಶಾಸ್ತ್ರ ಹೇಳೋಳು. ಗಿಳಿ ಪಂಜರದಿಂದ ಬಂದು ಒಂದು ಕಾರ್ಡು ಎಳೆಯೋದು, ಅವಳು ಅದನ್ನ ನೋಡಿ ಭವಿಷ್ಯ ಹೇಳೋದು. ಊರವರ ಕಾರ್ಡೆಲ್ಲ ನಿಜ ಆಯ್ತು, ಅವಳದು ಮಾತ್ರ ಆಗಲಿಲ್ಲ. ಆರು ವರ್ಷದ ಹಿಂದೆ ಏನೋ ಜಗಳದಲ್ಲಿ ಗಂಡ ಈರಯ್ಯನಿಗೆ, ಹೋಗೋದಾದ್ರೆ ಹೋಗಿ ಅಂದುಬಿಟ್ಟಿದ್ದಳು. ಆ ಪುಣ್ಯಾತ್ಮ ಹೋಗೇಬಿಟ್ಟ. ಮಗ ಯಾರ ಹಾಗೆ ಅಂತ ಈಗ ಗೊತ್ತಾಯ್ತಲ್ಲ! ಅವತ್ತಿಂದ ದಿನಾ ಮೂರು ತಟ್ಟೆ ತೊಳೆದಿಡ್ತಾಳೆ, ಎರಡರಲ್ಲಿ ಉಣ್ತಾರೆ. ಈಗ ಕಣ್ಣು ಮಂಜು. ತನ್ನ ಕಾರ್ಡನ್ನಾದರೂ ಓದಿ ಹೇಳಲಿ ಅಂತ ಮಗನಿಗೆ ಕಲಿಸೋಕೆ ಕೂತಳು.

ಕಾರ್ಡಲ್ಲಿ ಏನಿದೆಯೋ ಅದನ್ನ ಹೇಳು ಅಂದಳು. ಮಕ್ಕಳಿಲ್ಲದ ಹೆಂಗಸೊಬ್ಬಳು ಬಂದಳು. ಗಿಳಿ ಕೃಷ್ಣನ್ನ ಎಳೀತು. ಮುದ್ದ ದಿಟ್ಟಿಸಿ ನೋಡಿ, ಒಬ್ಬ ಹುಡುಗ, ಒಂದು ಹಸು, ಮೂಲೇಲಿ ಎಣ್ಣೆ ಜಿಡ್ಡು ಅಂದ. ಹೆಂಗಸು ಮುಖ ಸಣ್ಣದು ಮಾಡಿಕೊಂಡು ಹೋದಳು.

ಅವ್ವ ಬೈದಳು. ಕಾರ್ಡಲ್ಲ ಕಣೋ ದಡ್ಡ, ಎದುರಿಗಿರೋರ ಮುಖ ನೋಡಿ ಹೇಳು ಅಂದಳು. ಮಾರನೇ ದಿನ ಮೇಷ್ಟ್ರು ಬಂದರು. ಮುದ್ದ ಮುಖ ನೋಡಿದ. ಎಡಗೆನ್ನೇಲಿ ನರೂಲಿ, ಮೂಗಲ್ಲಿ ಮೂರು ಕೂದಲು, ಒಂದು ಬೆಳ್ಳಗೆ ಅಂದ.

ಅವ್ವ ಹಣೆ ಹಣೆ ಚಚ್ಚಿಕೊಂಡಳು. ಒಳ್ಳೇದು ಹೇಳೋ, ಬೇಗ ಮದುವೆ ಆಗುತ್ತೆ ಅನ್ನೋ ಅಂದಳು. ಸಂತೆ ದಿನ ಗಂಡ ಹೆಂಡತಿ ಬಂದು ಕೂತರು. ಮುದ್ದ ಗಂಡನ ಕಡೆ ತಿರುಗಿ, ನಿಮಗೆ ಬೇಗ ಮದುವೆ ಆಗುತ್ತೆ ಅಂದ. ಹೆಂಡತಿ ಗಿಳಿ ಪಂಜರನೇ ಎತ್ತಿ ಕುಕ್ಕಿದಳು.

"ಇಷ್ಟು ದಿನಕ್ಕೆ ಆಗುತ್ತೆ ಅಂತ ಲೆಕ್ಕ ಹೇಳಬೇಕು ಮಗ," ಅಂದಳು ಅವ್ವ, ಬೈದು ಬೈದು ಸಾಕಾಗಿ. "ಒಂದು ಸಲ ಹೇಳಿದ ಮೇಲೆ ಆ ಮಾತು ತಪ್ಪಬಾರದು."

ಆ ಸಂಜೆ ತನಗೇ ಒಂದು ಕಾರ್ಡು ತೆಗೆಸಿದಳು. ಮುದ್ದ ನೋಡಿ, ಅಪ್ಪ ಎಂಟು ದಿನಕ್ಕೆ ಬರ್ತಾನೆ ಅಂದ. ಚಿಕ್ಕತಾಯಮ್ಮನಿಗೆ ಅಳು ಉಕ್ಕಿಬಂತು. ಪೆದ್ದನ ಬಾಯಲ್ಲಾದರೂ ಆ ಮಾತು ಬಂತಲ್ಲ ಅಂತ ಬೆರಳು ಮಡಚಿ ದಿನ ಎಣಿಸೋಕೆ ಶುರು ಮಾಡಿದಳು.

ಐದನೇ ದಿನ ರಾಗಿ ಬೀಸಿಸಿಕೊಂಡು ಮನೆಗೆ ಬಂದರೆ ಮುದ್ದ ಬಾಗಿಲಲ್ಲೇ ಎದೆಯುಬ್ಬಿಸಿ ನಿಂತಿದ್ದ.

"ಅಪ್ಪ ಬಂದಿದ್ದ ಅವ್ವ. ಇನ್ನೂ ಐದೇ ದಿನ ಆಗಿರೋದು, ಮೂರು ದಿನ ಬಿಟ್ಟು ಬಾ ಅಂತ ಕಳಿಸ್ದೆ. ಮಾತು ತಪ್ಪಲಿಲ್ಲ."

ಹಿಟ್ಟಿನ ಡಬ್ಬ ಕೈಜಾರಿ ಬಿತ್ತು. ಮೂರು ತಟ್ಟೆ ಹಾಕು ಅಂತ ಕೂಗಿ, ಕೆರ ಕೂಡ ಮೆಟ್ಟದೆ ಬಸ್‌ಸ್ಟ್ಯಾಂಡಿಗೆ ಓಡಿದಳು.

ಈರಯ್ಯ ಬೆಂಚಿನ ಮೇಲೆ ಗಂಟು ತಬ್ಬಿಕೊಂಡು ಕೂತಿದ್ದ. ತಲೆ ಪೂರ್ತಿ ನರೆತಿತ್ತು.

"ಏಳಿ, ಮನೇಗೆ ಹೋಗಣ."

"ಮಗ ಮೂರು ದಿನ ಬಿಟ್ಟು ಬಾ ಅಂದವ್ನೆ," ಅಂದ ಈರಯ್ಯ. "ಈ ಸಲ ದೂರ ಹೋಗೋಕೆ ಮನಸ್ಸಾಗಲಿಲ್ಲ. ಇಲ್ಲೇ ಕಾಯ್ತಾ ಇದೀನಿ."

ಬೈಯೋಕೆ ಬಾಯಿ ತೆರೆದವಳು ಸೆರಗಲ್ಲಿ ಬೆಂಚಿನ ಧೂಳು ಒರೆಸಿದಳು. ಅವಳೂ ಪಕ್ಕದಲ್ಲಿ ಕೂತಳು. ಅಷ್ಟರಲ್ಲಿ ಮುದ್ದ ಏದುಸಿರು ಬಿಡ್ತಾ ಬಂದು ಬೆಂಚಿನ ಮೇಲೆ ಮೂರು ತಟ್ಟೆ ಹಾಕಿದ. ಮೂರೂ ಖಾಲಿ. ಊಟ ಎಲ್ಲೋ ಅಂದರೆ, ನೀನು ತಟ್ಟೆ ಅಂದೆ ಅಷ್ಟೆ ಅಂದ.

ಚಿಕ್ಕತಾಯಮ್ಮ ನಕ್ಕಳೋ ಅತ್ತಳೋ, ನೋಡಿದವರಿಗೂ ತಿಳೀಲಿಲ್ಲ. ಮೂರನೇ ತಟ್ಟೆ ಎತ್ತಿ ಗಂಡನ ಕೈಗೆ ಕೊಟ್ಟಳು. ಈರಯ್ಯ ಅದನ್ನ ಎರಡೂ ಕೈಲಿ ಹಿಡಿದುಕೊಂಡು, ಊಟ ಬಡಿಸ್ತಾಳೆ ಅಂತ ಕಾಯ್ತಾ ಕೂತ.