ವರ್ತಕನ ಅಳತೆಯ ಕುರ್ಚಿ

ಶಿಷ್ಯನೊಬ್ಬ ಬಹಳ ದಿನಗಳ ಮೇಲೆ ಗುರುವಿನ ಬಳಿಗೆ ಬಂದು ಕೇಳಿದ: "ಗುರುಗಳೇ, ನಿಮ್ಮಿಂದ ಕೇಳಿದ ಒಂದು ಮಾತನ್ನೂ ನಾನು ಮರೆತಿಲ್ಲ. ಕಣ್ಣು ಮುಚ್ಚಿ ಕೇಳಿದರೆ ನೀವೇ ಮಾತನಾಡಿದ ಹಾಗಿದೆ ಎಂದು ಜನ ಹೇಳುತ್ತಾರೆ. ಆದರೆ ನೊಂದವರು ನಿಮ್ಮ ಬಳಿಗೆ ಬಂದರೆ ಹಗುರಾಗಿ ಹೋಗುತ್ತಾರೆ. ನನ್ನ ಬಳಿಗೆ ಬಂದವರು ನನ್ನನ್ನು ಹೊಗಳಿ, ತಂದ ಭಾರವನ್ನು ಹೊತ್ತುಕೊಂಡೇ ಹೋಗುತ್ತಾರೆ. ಇದೇಕೆ?"

ಗುರು ಈ ಕತೆಯನ್ನು ಹೇಳಿದರು.

ಒಬ್ಬ ಬಡಗಿಯಿದ್ದ. ಅವನು ಮಾಡಿದ ಕುರ್ಚಿಯಲ್ಲಿ ಕೂತವರಿಗೆ ಏಳುವ ಮನಸ್ಸಾಗುತ್ತಿರಲಿಲ್ಲ. ಏಳಲೇಬೇಕಾದಾಗ ಕುರ್ಚಿಯೇ ಎತ್ತಿ ನಿಲ್ಲಿಸಿದ ಹಾಗಿರುತ್ತಿತ್ತು. ಕೂರುವುದಕ್ಕೆ ಯಾವ ಮರದ ತುಂಡಾದರೂ ಆದೀತು, ಏಳುವುದಕ್ಕೆ ಮಾತ್ರ ಬಡಗಿ ಬೇಕು ಎಂದು ಅವನು ಹೇಳುತ್ತಿದ್ದ.

ಅವನದೊಂದು ಪದ್ಧತಿಯಿತ್ತು. ಕುರ್ಚಿ ಬೇಕೆಂದವರು ಆಳನ್ನು ಕಳಿಸಿದರೆ ಆಗುತ್ತಿರಲಿಲ್ಲ, ತಾವೇ ಬರಬೇಕು. ಅವರನ್ನು ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ಅದೂ ಇದೂ ಮಾತನಾಡಿಸುತ್ತಿದ್ದ. ಅವರು ಯಾವ ಕಡೆಗೆ ವಾಲುತ್ತಾರೆ, ಏಳುವಾಗ ಕೈಯನ್ನು ಎಲ್ಲಿ ಊರುತ್ತಾರೆ, ಯಾವ ಮಂಡಿ ನೋಯುತ್ತದೆ ಎಂದು ನೋಡುತ್ತಿದ್ದ. ಆಮೇಲೆ ಬಿದಿರಿನ ಒಂದು ಸೀಳನ್ನು ತೆಗೆದುಕೊಂಡು, ಆ ಮೈಯ ಅಳತೆಯನ್ನು ಅದರ ಮೇಲೆ ಗೀರಿಕೊಳ್ಳುತ್ತಿದ್ದ. ಮಂಡಿಗೊಂದು ಗೀರು, ಮೊಣಕೈಗೊಂದು ಗೀರು, ಬೆನ್ನು ಒರಗುವ ಕಡೆ ಇನ್ನೊಂದು. ಕುರ್ಚಿ ಮುಗಿದು, ಅದರ ಒಡೆಯ ಕೂತು ಎದ್ದ ಮೇಲೆ ಆ ಸೀಳು ಒಲೆಗೆ ಹೋಗುತ್ತಿತ್ತು. ಏಕೆ ಸುಡುತ್ತೀಯೆ ಎಂದು ಯಾರಾದರೂ ಕೇಳಿದರೆ, "ಅದರ ಕೆಲ್ಸ ಮುಗೀತಲ್ಲ" ಎನ್ನುತ್ತಿದ್ದ.

ಅವನ ಬಳಿ ಒಬ್ಬ ಕಿರಿಯ ಬಡಗಿ ಕೆಲಸ ಕಲಿತ. ಗುರುವೆಂದರೆ ಅವನಿಗೆ ಪ್ರಾಣ. ಹಿರಿಯ ಉಳಿ ಹಿಡಿದರೆ ಇವನು ಉಣ್ಣುವುದನ್ನು ಮರೆತು ನೋಡುತ್ತಿದ್ದ. ಒಮ್ಮೆ ಹಿರಿಯ ಬಡಗಿ ಒಬ್ಬ ಎತ್ತರದ ವರ್ತಕನಿಗೆ ಬೀಟೆಯ ಕುರ್ಚಿಯೊಂದನ್ನು ಮಾಡಿದ. ಅಂಥ ಕುರ್ಚಿಯನ್ನು ಅವನೂ ಅದಕ್ಕೆ ಮುಂಚೆ ಮಾಡಿರಲಿಲ್ಲ. ವರ್ತಕ ಕೂತ, ಎದ್ದ, ನಕ್ಕ, ಕುರ್ಚಿಯನ್ನು ಗಾಡಿಗೆ ಹೇರಿಸಿಕೊಂಡು ಹೋದ. ಸೀಳನ್ನು ಒಲೆಗೆ ಹಾಕೆಂದು ಹಿರಿಯ ಕಿರಿಯನ ಕೈಗೆ ಕೊಟ್ಟ. ಕಿರಿಯನಿಗೆ ಕೈ ಬರಲಿಲ್ಲ. ಬೇರೊಂದು ಚಕ್ಕೆಯನ್ನು ಬೆಂಕಿಗೆ ಹಾಕಿ, ಆ ಸೀಳನ್ನು ಬಟ್ಟೆಯಲ್ಲಿ ಸುತ್ತಿ ಬಚ್ಚಿಟ್ಟುಕೊಂಡ. ಅದು ಕಳ್ಳತನವೆಂದು ಅವನಿಗೆ ಅನ್ನಿಸಲಿಲ್ಲ, ಭಕ್ತಿಯೆಂದೇ ಅನ್ನಿಸಿತು. ಭಕ್ತಿಗೆ ಎಷ್ಟು ಕಣ್ಣಿರುತ್ತದೆಂದು ಯಾರು ಬಲ್ಲರು.

ಮುಂದೆ ಕಿರಿಯ ಬಡಗಿ ಪಟ್ಟಣಕ್ಕೆ ಹೋಗಿ ಸ್ವಂತ ಕೆಲಸ ಹಿಡಿದ. ಯಾರು ಕುರ್ಚಿ ಕೇಳಿದರೂ ಆ ಸೀಳನ್ನೇ ಬಿಚ್ಚಿ ಮರವನ್ನು ಅಳೆಯುತ್ತಿದ್ದ. ಗುರುವಿನ ಶ್ರೇಷ್ಠ ಕುರ್ಚಿಯ ಅಳತೆ ಕೈಯಲ್ಲಿರುವಾಗ ಅದಕ್ಕಿಂತ ಕಡಿಮೆಯದನ್ನು ಏಕೆ ಮಾಡಬೇಕು? ಕೂತವರ ಮೈಯನ್ನು ನೋಡುವ ಅಗತ್ಯ ಬೀಳಲಿಲ್ಲ, ಮಜ್ಜಿಗೆಯ ಖರ್ಚೂ ಉಳಿಯಿತು. ಜನ ಮುಗಿಬಿದ್ದರು. ಹಿರಿಯನ ಕೈಯೇ ಇವನಿಗೆ ಬಂದಿದೆ ಎಂದರು. ಕುಳ್ಳಗಿನವರ ಕಾಲು ನೆಲಕ್ಕೆ ತಾಗದಿದ್ದರೆ ಅವರು ಕಾಲ ಕೆಳಗೊಂದು ಮಣೆ ಇಟ್ಟುಕೊಂಡರೇ ಹೊರತು ಕುರ್ಚಿಯನ್ನು ದೂರಲಿಲ್ಲ. ಹೆಸರಾದ ಕುರ್ಚಿಯನ್ನು ದೂರುವ ಧೈರ್ಯ ಯಾರಿಗಿದೆ? ಅವರು ತಮ್ಮ ಕಾಲನ್ನೇ ದೂರಿಕೊಂಡರು.

ಹೀಗಿರುವಾಗ ಹಿರಿಯ ಬಡಗಿಯ ಮೈ ಸೋತಿತು. ಕೈ ನಡುಗತೊಡಗಿ ಉಳಿ ನಿಲ್ಲಲಿಲ್ಲ. ಊರಿಗೆಲ್ಲ ಕುರ್ಚಿ ಮಾಡಿದವನ ಮನೆಯಲ್ಲಿ ಒಂದು ಕುರ್ಚಿಯಿರಲಿಲ್ಲ. ಬದುಕಿಡೀ ನೆಲದ ಮೇಲೆ ಕೂತು ಕೆಲಸ ಮಾಡಿದವನು ಈಗ ನೆಲಕ್ಕೆ ಕೂತರೆ ಹೆಂಡತಿ ಬಂದು ಎತ್ತಬೇಕಾಗಿತ್ತು. ಅವನಿಗೆ ಇದ್ದ ಆಸೆ ಒಂದೇ: ಬೆಳಗಿನ ಬಿಸಿಲಿನಲ್ಲಿ ಜಗಲಿಯ ಮೇಲೆ ಕೂರಬೇಕು, ಸಾಕೆನ್ನಿಸಿದಾಗ ಯಾರ ಕೈಯನ್ನೂ ಹಿಡಿಯದೆ ಎದ್ದು ಒಳಗೆ ಬರಬೇಕು. ಅವನು ಕಿರಿಯನಿಗೆ ಹೇಳಿಕಳಿಸಿದ: ನನಗೊಂದು ಕುರ್ಚಿ ಬೇಕು, ಒಮ್ಮೆ ಬಂದು ಹೋಗು.

ಕಿರಿಯ ಬಡಗಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಕುರ್ಚಿ ಬೇಕೆಂಬುದನ್ನು ಕೇಳಿಸಿಕೊಂಡ. ಬಂದು ಹೋಗೆಂಬುದನ್ನು ಕೇಳಿಸಿಕೊಳ್ಳಲಿಲ್ಲ. ಬೀಟೆಯ ಹಳೆಯ ತೊಲೆಯನ್ನು ಹುಡುಕಿ ತಂದ. ಉಳಿದ ಕೆಲಸವನ್ನೆಲ್ಲ ಬದಿಗಿಟ್ಟ. ಕೂದಲು ತೂರುವಷ್ಟೂ ಸಂದಿಲ್ಲದಂತೆ ಮರಕ್ಕೆ ಮರವನ್ನು ಸೇರಿಸಿದ. ಅಂಥ ಕೆಲಸವನ್ನು ಅವನು ಮತ್ತೆಂದೂ ಮಾಡಲಿಲ್ಲ. ಕುರ್ಚಿಗೆ ಹುಲ್ಲು ಸುತ್ತಿ, ಗಾಡಿಯಲ್ಲಿಟ್ಟುಕೊಂಡು ಗುರುವಿನ ಮನೆಗೆ ಹೋದ.

ಹಿರಿಯ ಬಡಗಿ ಕುರ್ಚಿಯನ್ನು ಸವರಿದ. ಕೈಯ ನಡುಕವೂ ಒಂದು ಗಳಿಗೆ ನಿಂತ ಹಾಗಾಯಿತು. ಮರ ಚೆನ್ನಾಗಿದೆ ಎಂದ, ಮೆರುಗು ಚೆನ್ನಾಗಿದೆ ಎಂದ. ಕಿರಿಯ ಅವನನ್ನು ಕುರ್ಚಿಯಲ್ಲಿ ಕೂರಿಸಿದ. ಬೆನ್ನು ಒರಗಲಿಲ್ಲ, ಮೊಣಕೈ ಕುರ್ಚಿಯ ಕೈಗೆ ಎಟುಕಲಿಲ್ಲ, ಕಾಲುಗಳು ನೆಲ ಮುಟ್ಟದೆ ತೂಗಾಡಿದವು. ಹಿರಿಯ ಬಡಗಿ ಮೆಲ್ಲಗೆ ನಕ್ಕ.

"ವರ್ತಕನ ಕುರ್ಚಿ ಇದು."

"ಹೌದು ಯಜಮಾನ್ರೇ! ಗುರುತು ಸಿಕ್ತಲ್ಲ ನಿಮ್ಗೆ! ನಿಮ್ಮ ಕುರ್ಚೀನೇ ಇದು. ಎಳ್ಳಷ್ಟೂ ಬದಲಾಯಿಸಿಲ್ಲ."

"ಗೊತ್ತಾಯ್ತು ಕಣಪ್ಪಾ. ಈಗ ಸ್ವಲ್ಪ ಕೈ ಕೊಡು, ಇಳೀಬೇಕು."

ಕಿರಿಯ ಕೈ ಕೊಟ್ಟ. ಹಿರಿಯನ ಭಾರವೆಲ್ಲ ಆ ಕೈಯ ಮೇಲೆ ಬಿತ್ತು, ಆದರೆ ಭಾರವೆನ್ನುವಂಥದ್ದೇನೂ ಅಲ್ಲಿರಲಿಲ್ಲ. ಆಗ ಅವನು ನೋಡಿದ. ಗುರು ಎಷ್ಟು ಸಣ್ಣಗಾಗಿದ್ದಾನೆಂದು ಆಗ ಅವನಿಗೆ ಕಂಡಿತು. ಈಗಲೇ ಕುರ್ಚಿಯ ಕಾಲು ಕೊಯ್ದು ಸರಿಮಾಡುತ್ತೇನೆ ಎಂದು ಗರಗಸಕ್ಕೆ ಕೈಹಾಕಿದ. ಹಿರಿಯ ಬೇಡವೆಂದ. ಒಳ್ಳೆಯ ಮರ, ಯಾರಾದರೂ ಉದ್ದದವರಿಗೆ ಆದೀತು ಎಂದ. ಬೇರೆಯದನ್ನು ಬೇಗ ಮಾಡಿ ತರುತ್ತೇನೆಂದು ಕಿರಿಯ ಬಡಗಿ ತಲೆತಗ್ಗಿಸಿಕೊಂಡು ಹೊರಟುಬಿಟ್ಟ. ನಾಚಿಕೆ ಅವನನ್ನು ಅಲ್ಲಿ ನಿಲ್ಲಗೊಡಲಿಲ್ಲ.

ಮನೆಗೆ ಬಂದವನು ಹಳೆಯ ಸೀಳನ್ನು ಮುರಿದು ಒಲೆಗೆ ಹಾಕಿದ. ಹೊಸ ಬಿದಿರನ್ನು ಸೀಳಿ ಮುಂದಿಟ್ಟುಕೊಂಡ. ಮಂಡಿಯ ಗೀರನ್ನು ಹಾಕಲು ಕತ್ತಿ ಹಿಡಿದ. ಎಲ್ಲಿ ಹಾಕುವುದು? ಗುರುವಿನ ಮಂಡಿ ಎಷ್ಟೆತ್ತರವಿದೆ, ಬೆನ್ನು ಎಲ್ಲಿ ಬಾಗಿದೆ, ಏಳಲು ಯಾವ ಕೈಯನ್ನು ಊರುತ್ತಾನೆ? ಒಂದೂ ಅವನಿಗೆ ಗೊತ್ತಿರಲಿಲ್ಲ. ಆ ಕುರ್ಚಿಯ ಒಂದೊಂದು ಗೀರೂ ಕಂಠಪಾಠವಾಗಿತ್ತು. ಅದನ್ನು ಮಾಡಿದವನ ಮೈ ಮಾತ್ರ ನೆನಪಿಗೆ ಬರಲಿಲ್ಲ.

ಬೆಳಗಾದ ಕೂಡಲೇ ಬಿದಿರಿನ ಸೀಳನ್ನು ಹಿಡಿದು ಮತ್ತೆ ಹೊರಟ. ಈ ಸಲ ಜಗಲಿಯ ಮೇಲೆ ಗುರುವಿನ ಎದುರು ಕೂರಬೇಕು, ದಿನವೆಲ್ಲ ಮಾತನಾಡಿಸಬೇಕು, ಕಣ್ತುಂಬ ನೋಡಬೇಕು ಎಂದುಕೊಂಡು ಬೇಗ ಬೇಗ ನಡೆದ. ಅವನು ಹೋಗುವ ಹೊತ್ತಿಗೆ ಬಾಗಿಲ ಮುಂದೆ ಜನ ಸೇರಿದ್ದರು. ಹಿರಿಯ ಬಡಗಿ ಬೆಳಗಿನ ಜಾವದಲ್ಲಿ ತೀರಿಕೊಂಡಿದ್ದ. ಬೀಟೆಯ ಕುರ್ಚಿ ಜಗಲಿಯ ಮೂಲೆಯಲ್ಲಿತ್ತು, ಅದರ ಮೇಲೆ ಯಾರೋ ಬಟ್ಟೆಯ ಗಂಟನ್ನು ಇಟ್ಟಿದ್ದರು.

ಹಿರಿಯನ ಹೆಂಡತಿ ಅವನನ್ನು ಕಂಡು ಅಳುತ್ತ ಹೇಳಿದಳು: "ಹೇಳಿಕಳಿಸಿದಾಗಿಂದ ನೀನು ಬರ್ತೀಯ ಅಂತ ದಿನಾ ಹೊಸ್ತಿಲು ಕಾಯ್ತಿದ್ರಪ್ಪ. ನಿನ್ನೆ ನೀನು ಬಂದು ಹೋದ್ಮೇಲೆ, ಹೊರಗೆ ಕೂರಿಸು ಅಂತ ಕೇಳ್ಲೇ ಇಲ್ಲ."

ಕಿರಿಯ ಬಡಗಿ ಅದಾದ ಮೇಲೂ ಬಹಳ ಕಾಲ ಬದುಕಿದ. ಕುರ್ಚಿ ಬೇಕೆಂದು ಬಂದವರನ್ನು ಕೂರಿಸಿ, ಮಾತನಾಡಿಸಿ, ಅವರವರ ಮೈಗೆ ತಕ್ಕಂತೆ ಮಾಡಿಕೊಟ್ಟ. ಒಳ್ಳೆಯ ಬಡಗಿಯೆಂದೇ ಅನ್ನಿಸಿಕೊಂಡ. ಹಿರಿಯನ ಕೈಯೇ ಇವನಿಗೆ ಬಂದಿದೆ ಎಂದು ಯಾರಾದರೂ ಹೊಗಳಿದರೆ ಮಾತ್ರ ಎದ್ದು ಒಳಗೆ ಹೋಗುತ್ತಿದ್ದ.

ಗುರು ಕತೆಯನ್ನು ನಿಲ್ಲಿಸಿದರು. ಶಿಷ್ಯ ಮುಂದಿನ ಮಾತಿಗಾಗಿ ಕೈಮುಗಿದುಕೊಂಡು ಕಾದ.

"ನಿನ್ನ ಬಳಿಗೆ ಕಡೆಯದಾಗಿ ಅಳುತ್ತ ಬಂದವರ ಮುಖ ಹೇಗಿತ್ತು, ಹೇಳು," ಎಂದರು ಗುರು.

ಅವರಿಗೆ ತಾನು ಹೇಳಿದ ಮಾತು ಒಂದೂ ಬಿಡದೆ ಶಿಷ್ಯನಿಗೆ ನೆನಪಿತ್ತು. ಮುಖ ಮಾತ್ರ ನೆನಪಿಗೆ ಬರಲಿಲ್ಲ.