ಬಡಗಿ ಜೋಡಿಸಿದ ಖಾನೆಗಳು

"ಬುದ್ಧಿ, ಸರಿಯಾಗಿದ್ದುದನ್ನು ಕೆಡಿಸುವವರ ಮೇಲೆ ಸಿಟ್ಟಾದರೆ ತಪ್ಪೇ?" ಎಂದು ಮರುಳಸಿದ್ಧ ಗುರುಗಳನ್ನು ಕೇಳಿದ.

ಅವನು ಮಠದ ವೆಬ್‌ಸೈಟ್ ನೋಡಿಕೊಳ್ಳುವ ಶಿಷ್ಯ. ಕಣ್ಣಿನ ಶಿಬಿರಕ್ಕೆ ಹೆಸರು ಬರೆಸುವ ಪುಟ ಮೊಬೈಲಿನಲ್ಲಿ ತೆರೆಯುತ್ತಿರಲಿಲ್ಲ. ಶಿಬಿರಕ್ಕೆ ಉಳಿದದ್ದು ನಾಲ್ಕೇ ದಿನ. ದೋಷ ಹುಡುಕಲು ಕೂತರೆ, ಬ್ರೌಸರ್ ತಾನಾಗಿಯೇ ಹೊಸ ರೂಪ ತಾಳಿತ್ತು. ಪುಟದ ಒಳಗನ್ನು ತೆರೆದು ತೋರಿಸುವ ಡೆವಲಪರ್ ಟೂಲ್ಸ್‌ನಲ್ಲಿ ಕೆಳಗಿದ್ದದ್ದು ಬಲಕ್ಕೆ ಹೋಗಿತ್ತು, ದಿನವೂ ಒತ್ತುತ್ತಿದ್ದ ಬಟನ್ ಎಲ್ಲೋ ಅಡಗಿತ್ತು.

"ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ. ಈಗ ಎಲ್ಲವನ್ನೂ ಹುಡುಕಬೇಕು. ಹುಡುಕಿದ ಕಡೆಯೆಲ್ಲ ಅದೊಂದು ಕೆಂಪು ಅಕ್ಷರದ ಎಚ್ಚರಿಕೆ ಬೇರೆ ಅಡ್ಡ ಬರುತ್ತದೆ. ಮುಚ್ಚಿ ಮುಚ್ಚಿ ಸಾಕಾಯಿತು. ಬದಲಾಯಿಸಿ ಎಂದು ಈ ಬ್ರೌಸರ್‌ನವರನ್ನು ಕೇಳಿದವರಾದರೂ ಯಾರು ಬುದ್ಧಿ?"

"ಸಿಟ್ಟು ತಪ್ಪಲ್ಲ. ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ವೈದ್ಯನಿದ್ದ. ಅವನ ಔಷಧದ ಪೆಟ್ಟಿಗೆಗೆ ನಲವತ್ತು ಖಾನೆ. ಕಣ್ಣು ರೋಗಿಯ ಮುಖದ ಮೇಲಿರುವಾಗಲೇ ಕೈ ಹಿಂದಕ್ಕೆ ಹೋಗಿ, ಬೇಕಾದ ಪುಡಿ ತೆಗೆದು, ಪೊಟ್ಟಣ ಕಟ್ಟುತ್ತಿತ್ತು. ಊರವರು ಹೊಗಳುತ್ತಿದ್ದರು. ಅವನಿಗೂ ಅದರ ಜಂಬ ಕಡಿಮೆಯೇನಿರಲಿಲ್ಲ.

ಒಮ್ಮೆ ಪೆಟ್ಟಿಗೆಯ ಕಾಲಿಗೆ ಗೆದ್ದಲು ಹಿಡಿಯಿತು. ಬಡಗಿ ಬಂದು ಕಾಲು ಬದಲಿಸಿ, ಖಾನೆಗಳನ್ನು ತನಗೆ ತೋಚಿದಂತೆ ಮರಳಿ ಜೋಡಿಸಿದ.

"ಹೀಗೆ ಇಡು ಎಂದು ನಿನಗೆ ಹೇಳಿದವರಾರಯ್ಯಾ?" ಎಂದು ವೈದ್ಯ ಸಿಡುಕಿದ.

"ಭಾರದ್ದು ಕೆಳಗಿದ್ದರೆ ಪೆಟ್ಟಿಗೆ ವಾಲುವುದಿಲ್ಲ, ಪಂಡಿತರೇ."

ಬಡಗಿಯ ನ್ಯಾಯ ಬಡಗಿಗೆ ಸರಿ. ವೈದ್ಯ ಗೊಣಗುತ್ತಲೇ ಕೂಲಿ ಕೊಟ್ಟು ಕಳಿಸಿದ.

ಅಷ್ಟರಲ್ಲಿ ಒಬ್ಬ ಕುಂಬಾರ ಹೆಂಗಸು ಬಂದಳು. ಮೂರು ತಿಂಗಳಿಂದ ಅವನದೇ ಔಷಧ ತಿನ್ನುತ್ತಿದ್ದಳು, ಆದರೂ ಕೆಮ್ಮಿ ಕೆಮ್ಮಿ ಕಡ್ಡಿಯಾಗಿದ್ದಳು. ವೈದ್ಯನ ಕೈ ಹಿಂದಕ್ಕೆ ಹೋಯಿತು. ಬಂದದ್ದು ಇಂಗು. ಅವನು ಬಡಗಿಗೆ ಶಾಪ ಹಾಕುತ್ತ ತಿರುಗಿ ಕೂತು, ಒಂದೊಂದೇ ಖಾನೆ ಎಳೆದು ನೋಡಿದ. ಹದಿನೇಳನೆಯದರಲ್ಲಿ ಕೆಮ್ಮಿಗೆ ಕೊಡುವ ಹಿಪ್ಪಲಿ ಪುಡಿ ಸಿಕ್ಕಿತು. ಅದು ಮುಗ್ಗಿ, ಬೂಷ್ಟು ಹಿಡಿದಿತ್ತು.

ಮೂರು ತಿಂಗಳು ಅವಳಿಗೆ ಕೊಟ್ಟದ್ದು ಅದನ್ನೇ. ವೈದ್ಯನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ತಾಯಿ, ತಪ್ಪು ನನ್ನದು" ಎಂದು ಆಗಲೇ ಹೊಸ ಹಿಪ್ಪಲಿ ಕುಟ್ಟಿ ಕೊಟ್ಟ. ಹದಿನೈದು ದಿನದಲ್ಲಿ ಕೆಮ್ಮು ನಿಂತಿತು. ತಿಂಗಳು ತುಂಬುವಷ್ಟರಲ್ಲಿ ಅವಳು ಮತ್ತೆ ಮಡಕೆಯ ಮಣ್ಣು ತುಳಿಯುತ್ತಿದ್ದಳು.

"ಖಾನೆಗಳು ಏನಾದವು ಬುದ್ಧಿ?"

"ಮರುದಿನವೇ ಮೊದಲಿನಂತೆ ಜೋಡಿಸಿಕೊಂಡ. ಪೆಟ್ಟಿಗೆ ಅವನದಲ್ಲವೇ? ನೋಡದೆ ತೆಗೆಯುವುದನ್ನು ಮಾತ್ರ ಬಿಟ್ಟ."

ಮರುಳಸಿದ್ಧನ ಮುಖ ಅರಳಿತು. "ಹಾಗಾದರೆ ನಾನೂ ಎಲ್ಲವನ್ನೂ ಮೊದಲಿದ್ದಲ್ಲಿಗೇ ತಂದುಕೊಳ್ಳಬಹುದು!"

"ಧಾರಾಳವಾಗಿ. ಅದಕ್ಕೆ ಮೊದಲು ಹೇಳು, ನೀನು ಮುಚ್ಚಿ ಮುಚ್ಚಿ ಸಾಕಾದ ಆ ಕೆಂಪು ಅಕ್ಷರದಲ್ಲಿ ಏನು ಬರೆದಿತ್ತು?"