ಕೆಂಪು ಕಿಟಕಿಯ ಜಂಭ

ಹಳೇ ಪೆಟ್ಟಿಗೆ ಕ್ಯಾಮೆರಾವೊಂದಕ್ಕೆ ತನ್ನ ಬೆನ್ನಿನ ಕೆಂಪು ಕಿಟಕಿಯೆಂದರೆ ಬಲು ಜಂಭ. ಎಷ್ಟನೇ ಚಿತ್ರವೆಂದು ತಿಳಿಸಲು ಫಿಲ್ಮಿನ ಹಿಂದಿನ ಕಾಗದದ ಮೇಲಿದ್ದ ಅಂಕಿಗಳು ಅದರಲ್ಲೇ ಕಾಣುತ್ತಿದ್ದವು. ಕಡೆಗೆ ಆ ಕ್ಯಾಮೆರಾಗೆ ಹೊಂದುವ ಅಗಲದ ಫಿಲ್ಮು ತಯಾರಾಗುವುದೇ ನಿಂತುಹೋಯಿತು. ಒಡತಿ ವಾಗ್ದೇವಿ ಅಂಗಡಿಯಲ್ಲಿ ಸಿಗುವ, ಅಂಚಿನುದ್ದಕ್ಕೂ ತೂತುಗಳಿರುವ ಸಣ್ಣ ಫಿಲ್ಮ್ ರೀಲನ್ನೇ ತಂದು, ಅಗಲ ಸರಿಹೊಂದುವಂತೆ ಎರಡೂ ತುದಿಗೆ ಮರದ ಬಿಲ್ಲೆ ಕೊಟ್ಟು ಒಳಗೆ ಕೂರಿಸಿದಳು.

"ಅಂಚೆಲ್ಲ ತೂತು! ನನ್ನ ಮನೆಗೆ ಬರಲು ನಿನಗೇನು ಯೋಗ್ಯತೆ?" ಎಂದಿತು ಕ್ಯಾಮೆರಾ.

"ಯೋಗ್ಯತೆ ಆಮೇಲೆ ನೋಡೋಣ ಅಜ್ಜಾ, ಮೊದಲು ಕಿಟಕಿ ಮುಚ್ಚಿ. ನನ್ನ ಬೆನ್ನಿಗೆ ಕಾಗದವಿಲ್ಲ. ಅಲ್ಲಿಂದ ಬೆಳಕು ನುಗ್ಗಿದರೆ ನಾನು ಹಾಳಾಗಿಬಿಡುತ್ತೇನೆ," ಎಂದಿತು ರೀಲು.

"ಮೂರು ತಲೆಮಾರು ತೆರೆದಿದ್ದ ಕಿಟಕಿ! ಮುಚ್ಚುವ ಮಾತೇ ಇಲ್ಲ."

"ಹಾಗಾದರೆ ನೀವು ಇನ್ನೊಂದು ಚಿತ್ರ ತೆಗೆಯುವ ಮಾತೂ ಇಲ್ಲ."

ಕ್ಯಾಮೆರಾ ಸೆಟೆದುಕೊಂಡೇ ಇತ್ತು. ಆದರೆ ವಾಗ್ದೇವಿ ಕಿಟಕಿಗೆ ಕಪ್ಪು ಟೇಪು ಅಂಟಿಸಿದಾಗ ಕೊಸರಾಡಲಿಲ್ಲ.

ವಾಗ್ದೇವಿ ಚಿತ್ರ ತೆಗೆದು, ಫಿಲ್ಮು ತೊಳೆದು ನೋಡಿದರೆ, ಅವಳ ತಂಗಿ ಒಣಗಲು ಹರವಿದ್ದ ಸೀರೆಯ ಚಿತ್ರ ತೂತುಗಳನ್ನೂ ದಾಟಿ ಅಂಚಿನವರೆಗೆ ಹಬ್ಬಿತ್ತು.

"ಬೇರೆ ಕ್ಯಾಮೆರಾಗಳು ನನ್ನ ನಡುಭಾಗಕ್ಕಷ್ಟೇ ಬೆಳಕು ಕೊಡುತ್ತವೆ. ಅಂಚಿನ ತನಕ ಕೊಟ್ಟವರು ನೀವೇ," ಎಂದಿತು ರೀಲು.

ಕ್ಯಾಮೆರಾದ ಎದೆ ಉಬ್ಬಿತು. ವಾಗ್ದೇವಿ ಮತ್ತೊಂದು ರೀಲು ತಂದಾಗ ಅದೇ ಮೊದಲು ಕರೆಯಿತು: "ಕಿಟಕಿ ಮುಚ್ಚಿದೆ, ಬಾ ಮಗು. ನಿನ್ನ ತೂತುಗಳ ಸಮೇತ ಬಾ."